ಹದಿನೈದಕ್ಕೆ ಐದೇ ಸೆಂಟಿಮೀಟರ್ ಕಮ್ಮಿ

(ಬೆಂಗಳೂರಿನ ಒಂದು ಕಾಂಪ್ಲೆಕ್ಸಿನ ಆಫೀಸು.)

ಮಾಲೀಕ: ಏನ್ರೀ, ಅಗ್ನಿಸುರಕ್ಷೆ ನಿಯಮ ಬಿಗಿ ಮಾಡ್ತಾರಂತೆ?

ಮ್ಯಾನೇಜರ್: ನಮಗೆ ತಟ್ಟಲ್ಲ ಸಾರ್. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ 15 ಮೀಟರ್ ಮುಟ್ಟಿದ್ರೆ ತಾನೆ ಬಹುಮಹಡಿ? ನಮ್ಮದು 14.95.

ಮಾಲೀಕ: ಮೇಲಿನ ಹೋಟ್ಲು?

ಮ್ಯಾನೇಜರ್: ನಕ್ಷೆಯಲ್ಲಿ ಅದು ಬಟ್ಟೆ ಒಣಗಿಸೋ ಜಾಗ.

ಮಾಲೀಕ: ತುರ್ತು ಮೆಟ್ಟಿಲು?

ಮ್ಯಾನೇಜರ್: ಭದ್ರವಾಗಿದೆ. ಹೋಟ್ಲಿನ ಗ್ಯಾಸ್ ಸಿಲಿಂಡರೆಲ್ಲ ಅಲ್ಲೇ. ಕಳ್ಳರ ಕಾಟ ನೋಡಿ, ಬೀಗ ಜಡಿದಿದೀವಿ.

ಮಾಲೀಕ: ಕೀಲಿ?

ಮ್ಯಾನೇಜರ್: ವಾಚ್‌ಮನ್ ಹತ್ರ. ಊರ ಜಾತ್ರೆಗೆ ಹೋಗಿದಾನೆ, ಸೋಮವಾರ ಬರ್ತಾನೆ.

(ಬೆಂಕಿ ಸೋಮವಾರದವರೆಗೆ ಕಾಯುತ್ತದೆ ಎಂದು ಇಬ್ಬರಿಗೂ ನಂಬಿಕೆ.)

ಮಾಲೀಕ: ಬೆಂಕಿ ಆರಿಸೋ ಕೆಂಪು ಡಬ್ಬಿ?

ಮ್ಯಾನೇಜರ್: ಮೀಟರಿನ ಮುಳ್ಳು ಕೆಂಪು ಪಟ್ಟಿಗೆ ಇಳಿದಿತ್ತು ಸಾರ್. ಪಟ್ಟಿಗೆ ಹಸಿರು ಪೇಂಟ್ ಹೊಡೆಸ್ದೆ.

ಮಾಲೀಕ: ಭೇಷ್! ಫೈರ್ ಇಂಜಿನ್ ಬರೋ ದಾರಿ?

ಮ್ಯಾನೇಜರ್: ಪಾರ್ಕಿಂಗಿಗೆ ಬಾಡಿಗೆ ಕೊಟ್ಟಿದೀವಿ. ಅವರೂ ಚೀಟಿ ತಗೊಂಡು ಬರ್ಲಿ.

ಓದುಗರೇ, 2010ರ ಫೆಬ್ರವರಿ 23ರಂದು ಇದೇ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ 9 ಮಂದಿ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಇದ್ದರು. ನೀವು ಕೆಲಸ ಮಾಡುವ ಕಟ್ಟಡದ ತುರ್ತು ಬಾಗಿಲನ್ನು ನಾಳೆ ಒಮ್ಮೆ ತಳ್ಳಿ ನೋಡಿ.