ಟೊಳ್ಳಿನ ಹುಚ್ಚು

ಲೇತಿನ ಮೇಲೆ ಮರ ಕಡೆಯುವ ಹವ್ಯಾಸಿಗಳಲ್ಲಿ ಹೊರಮೈ ಕಡೆಯುವವರು, ಒಳಗು ಕೊರೆಯುವವರು ಎಂದು ಎರಡು ಪಂಗಡ. ಮೊದಲನೆಯವರು ನಿರುಪದ್ರವಿಗಳು, ಬುಗುರಿ, ಲಟ್ಟಣಿಗೆ, ಕಡಗೋಲು ಮಾಡಿ ನೆಂಟರಿಷ್ಟರಿಗೆ ಹಂಚಿ ಸುಖವಾಗಿರುತ್ತಾರೆ. ಎರಡನೆಯವರಿಗೆ ಕಿರಿದಾದ ಬಾಯಿ, ಉಬ್ಬಿದ ಹೊಟ್ಟೆ, ತೆಳ್ಳನೆಯ ಗೋಡೆಯಿರುವ ಮರದ ಹೂಜಿಯೇ ಆಗಬೇಕು. ಬೆಂಗಳೂರಿನಲ್ಲಿ ನಿವೃತ್ತರಾಗಿ, ಕೆಂಗಲ್ ಆಸುಪಾಸಿನಲ್ಲಿ ಒಂದಿಷ್ಟು ತೋಟ ಮಾಡಿ, ಮಾವಿನ ಗಿಡಗಳ ನಡುವೆ ಶೀಟಿನ ಶೆಡ್ ಎಬ್ಬಿಸಿರುವ ಎಂಜಿನಿಯರು ಈ ಪಂಗಡದ ಒಳ್ಳೆಯ ಮಾದರಿ.

ಮರ ಕಡೆದೇ ಹೊಟ್ಟೆ ಹೊರೆಯುವ ಚನ್ನಪಟ್ಟಣ ಇಲ್ಲಿಂದ ಕೆಲವೇ ಕಿಲೋಮೀಟರ್. ಅಲ್ಲಿನವರು ಹಾಲೆ ಮರದ ತುಂಡನ್ನು ಲೇತಿಗೆ ಕೂರಿಸಿ, ಉಳಿಯಿಂದ ಆಕಾರಕ್ಕೆ ತಂದು, ತಿರುಗುತ್ತಿರುವ ಮರಕ್ಕೇ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಕರಗಿ ಅಂಟಿದ ಬಣ್ಣಕ್ಕೆ ಕೇದಗೆ ಎಲೆಯಿಂದ ಹೊಳಪು ಕೊಡುತ್ತಾರೆ. ಕುಂಕುಮದ ಭರಣಿಯ ಒಳಗು ತೆಗೆಯುವುದೂ ಉಳಿಯಲ್ಲೇ. ಇದೆಲ್ಲ ಹವ್ಯಾಸಿಗೆ ಗೊತ್ತು. ಆದರೂ ಅವರ ಸಾಮಾನು ಬರುವುದು ಹಡಗಿನಲ್ಲಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ಹಳೆ ಮೈಸೂರು ರಸ್ತೆಯ ಗೊಂಬೆ ಅಂಗಡಿಗಳಿಗೆ ಗಿರಾಕಿ ಕಮ್ಮಿಯಾದರು. ಈ ಶೆಡ್ಡಿಗೆ ಕೊರಿಯರ್‌ನವನ ಓಡಾಟ ಮಾತ್ರ ಕಮ್ಮಿಯಾಗಿಲ್ಲ.

ಇವರು ಮೊದಲು ಕೊಳ್ಳುವುದು ಒಂದು ಉಕ್ಕಿನ ಸರಳು. ತುದಿಗೆ 6 ಮಿಲಿಮೀಟರಿನ ಕಾರ್ಬೈಡ್ ಬಿಲ್ಲೆ. ಸಂಕ್ರಾಂತಿಯ ಹೊತ್ತಿಗೆ ನಡೆಯುವ ಅಯ್ಯನಗುಡಿ ದನಗಳ ಜಾತ್ರೆಯಲ್ಲಿ ರೈತ ಸುಳಿ ನೋಡಿ, ಹಲ್ಲು ಎಣಿಸಿ ಎತ್ತು ಹಿಡಿಯುವ ಹಾಗೆ ಇವರು ಆ ಸರಳನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ. ನಾಲ್ಕೈದು ಅಂಗುಲ ಆಳದವರೆಗೆ ಅದು ಸೊಗಸಾಗಿ ಕೆಲಸ ಮಾಡುತ್ತದೆ. ತೊಂದರೆ ಅಲ್ಲಿಂದಾಚೆಗೆ. ಆಸರೆ ಕಂಬಿಯಿಂದ ಮುಂದಕ್ಕೆ ಚಾಚಿದ ಸರಳಿನ ಉದ್ದ ದುಪ್ಪಟ್ಟಾದರೆ ಅದು ಬಾಗುವುದು ಎಂಟು ಪಟ್ಟು. ಆಗ ಉಳಿ ನಡುಗುತ್ತದೆ, ಮರ ಕಿರುಗುಟ್ಟುತ್ತದೆ, ಒಂದು ಕ್ಷಣ ಎಲ್ಲ ಸರಿಹೋದಂತೆ ಕಾಣುತ್ತದೆ, ಅಷ್ಟರಲ್ಲಿ ತುದಿ ಮರಕ್ಕೆ ಕಚ್ಚಿಕೊಂಡು ಹಿಡಿ ಪಕ್ಕೆಗೆ ಗುದ್ದುತ್ತದೆ. ಹೂಜಿಯ ಹೊಟ್ಟೆ ಒಡೆದ ಚೂರು ಶೀಟಿಗೆ ಬಡಿದ ಸದ್ದಿಗೆ ಪಕ್ಕದ ರೇಷ್ಮೆಮನೆಯವರು ಇಣುಕುತ್ತಾರೆ.

ಎಂಜಿನಿಯರಾದ್ದರಿಂದ ಇವರಿಗೆ ಪರಿಹಾರವೂ ಗೊತ್ತು. ಸರಳಿನ ದಪ್ಪ ದುಪ್ಪಟ್ಟಾದರೆ ಬಾಗು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ದಪ್ಪ ಸರಳು ಬರುತ್ತದೆ. ಹೂಜಿಯ ಬಾಯಿಯಲ್ಲಿ ತೂರುವುದಿಲ್ಲ. ತೂರಿದರೂ ಭುಜದ ಒಳಮೂಲೆಗೆ ಮುಟ್ಟುವುದಿಲ್ಲ. ಅದಕ್ಕೆಂದು ಹಂಸದ ಕೊರಳಿನಂತೆ ಬಾಗಿದ ಸರಳು ಬರುತ್ತದೆ. ಅದರ ತುದಿ ಹಿಡಿಯ ನೇರಕ್ಕಿಲ್ಲದ ಕಾರಣ ಮರ ತಾಗಿದೊಡನೆ ಇಡೀ ಸರಳು ಮುಂಗೈಯನ್ನು ತಿರುಚುತ್ತದೆ. ಮುಂಗೈ ಉಳಿಸಿಕೊಳ್ಳಲು, ಸರಳಿನ ಬಾಲವನ್ನು ಎರಡು ಕಂಬಿಗಳ ನಡುವೆ ಸಿಕ್ಕಿಸಿ ಹೊರಳದಂತೆ ಹಿಡಿಯುವ ಚೌಕಟ್ಟು, ಇಲ್ಲವೇ ಕೀಲುಕೀಲಾಗಿ ಮಡಚುವ ಉಕ್ಕಿನ ತೋಳು. ಎರಡರಲ್ಲಿ ಯಾವುದು ಮೇಲು ಎಂದು ಇವರು ಒಂದು ಮಳೆಗಾಲವಿಡೀ ಯೋಚಿಸಿ, ಎರಡನ್ನೂ ಕೊಳ್ಳುತ್ತಾರೆ. ಎರಡೂ ಇರುವ ಲೇತಿಗೆ ಉದ್ದವಾಗುತ್ತವೆ. ಲೇತ್ ಬದಲಾಗುತ್ತದೆ, ಲೇತಿಗೆ ಶೆಡ್ ಸಾಲದೆ ಗೋಡೆ ಒಡೆಯುತ್ತದೆ.

ನ್ಯಾಯವಾಗಿ ಹೇಳುವುದಾದರೆ ಈ ಯಾವ ಸಲಕರಣೆಯೂ ದಂಡವಲ್ಲ. ಅಮೆರಿಕದ ಡೇವಿಡ್ ಎಲ್ಸ್‌ವರ್ತ್ 1970ರ ದಶಕದಲ್ಲಿ ಬಾಗಿದ ಉಳಿಗಳನ್ನು ಕೈಯಲ್ಲೇ ಹಿಡಿದು ತೆಳುಗೋಡೆಯ ಟೊಳ್ಳು ಪಾತ್ರೆಗಳಿಗೆ ಹೆಸರಾದರು ನಿಜ. ಅರವತ್ತು ದಾಟಿದ ಭುಜಕ್ಕೆ ಒಂದಡಿ ಆಳದಲ್ಲಿ ಆಸರೆ ಬೇಕೇಬೇಕು. ಆದರೆ ಅರ್ಧ ಅಡಿಯೊಳಗಿನ ಕೆಲಸಕ್ಕೆ ಒಂದು ನೇರ ಸರಳು, ಒಂದು ಬಾಗಿದ ಸರಳು, ಉದ್ದನೆಯ ಹಿಡಿ ಧಾರಾಳವಾಗಿ ಸಾಕು. ಹವ್ಯಾಸಿಯ ಶೆಲ್ಫಿನಲ್ಲಿ ಅರ್ಧ ಅಡಿ ಮೀರಿದ ಹೂಜಿ ಇನ್ನೂ ಒಂದೂ ಇಲ್ಲ.

ಆಮೇಲೆ ಲೇಸರ್. ಹಸಿ ಮರದ ಗೋಡೆ ಒಂದೆಡೆ ದಪ್ಪ, ಒಂದೆಡೆ ತೆಳುವಾದರೆ ಒಣಗುವಾಗ ಬಿರಿಯುತ್ತದೆ. ಒಳಗಿರುವ ತುದಿಯಂತೂ ಕಾಣುವುದಿಲ್ಲ. ಅದಕ್ಕೆ ಸರಳಿನ ಜೊತೆಗೇ ಚಲಿಸುವಂತೆ ಮೇಲೊಂದು ಲೇಸರ್ ಕಟ್ಟಿ, ಅದರ ಕೆಂಪು ಚುಕ್ಕೆ ತುದಿಗಿಂತ 5 ಮಿಲಿಮೀಟರ್ ಆಚೆ ಬೀಳುವಂತೆ ಹೊಂದಿಸುತ್ತಾರೆ. ಚುಕ್ಕೆ ಹೂಜಿಯ ಹೊರಮೈಯಿಂದ ಜಾರಿತೆಂದರೆ ಗೋಡೆ 5 ಮಿಲಿಮೀಟರಿಗೆ ಬಂತು, ನಿಲ್ಲಿಸಬೇಕು. ಏರ್ಪಾಡೇನೋ ಚೆನ್ನ. ಚುಕ್ಕೆ ಜಾರಿದ್ದನ್ನು ತೋರಿಸಲು ಮನೆಯವರನ್ನು ಕೂಗಿ, ಅವರು ಬರುವವರೆಗೆ ಕೊರೆಯುತ್ತಲೇ ಇದ್ದರೆ ಮಾತ್ರ ಯಾವ ಲೇಸರೂ ಏನೂ ಮಾಡಲಾರದು.

ಚನ್ನಪಟ್ಟಣದ ಕಸುಬುದಾರರೊಬ್ಬರು ಎಂದಾದರೂ ಶೆಡ್ಡಿಗೆ ಬಂದರೆ, ಉಕ್ಕಿನ ತೋಳನ್ನು ಆಡಿಸಿ ನೋಡಿ, “ಗಟ್ಟಿ ಮಾಲು ಸಾರ್” ಎಂದು ಮನಸಾರೆ ಮೆಚ್ಚುತ್ತಾರೆ. ಆಮೇಲೆ ಹೂಜಿಯ ಬಾಯಿಗೆ ಹೆಬ್ಬೆರಳು ಹಾಕಿ ಕೇಳುತ್ತಾರೆ: “ಹೂವು ಹೆಂಗೆ ಸಾರ್ ಇಡೋದು?” ಹೂವಿಗಲ್ಲ, ನೋಡುವುದಕ್ಕೆ ಎಂಬ ಉತ್ತರ ಬರುತ್ತದೆ. “ಒಳಗೆ ಕಾಣ್ಸಲ್ವಲ್ಲ ಸಾರ್.”

ಉಳಿದದ್ದು ಸಣ್ಣಪುಟ್ಟ ಖರ್ಚು. ಕಿರುಬಾಯಿಯೊಳಗೆ ಸೇರಿಕೊಂಡ ಹೊಟ್ಟು ಊದಿ ತೆಗೆಯಲು ಕಂಪ್ರೆಸರ್, ಊದಿದ ಹೊಟ್ಟು ಮುಖಕ್ಕೇ ಎರಚುವುದರಿಂದ ಮುಖಗವಸು, ಉದ್ದ ಹೂಜಿ ಅಲುಗದಂತೆ ಸುತ್ತ ಗಾಲಿಗಳಿಟ್ಟು ಹಿಡಿಯುವ ಉಂಗುರ. ಲೇಸರಿನ ಜಾಗಕ್ಕೆ ಕ್ಯಾಮೆರಾ ಕೂರಿಸಿ, ಉಳಿಯ ತುದಿ ಎಲ್ಲಿದೆಯೆಂದು ಟಿ.ವಿ. ಪರದೆಯಲ್ಲಿ ನೋಡುತ್ತ ಕೊರೆಯುವ ಏರ್ಪಾಡೂ ಈಗ ಬಂದಿದೆ. ನಡುಮನೆಯ ಹಳೆಯ ಟಿ.ವಿ. ಸದ್ಯದಲ್ಲೇ ಶೆಡ್ಡಿಗೆ ಹೋಗಲಿದೆ.