ಕರಡಿಗೊಂದು ಹುದ್ದೆ ಕೊಡಿ

ನಮ್ಮ ಜಿಲ್ಲೆಯ ಹೆಸರನ್ನು ಹೊತ್ತು ಇಡೀ ರಾಜ್ಯ ಸುತ್ತಿದ ಮರ ಒಂದೇ: ಬಳ್ಳಾರಿ ಜಾಲಿ. ಹೆಸರು ನಮ್ಮದು, ಮರ ಅಮೆರಿಕ ಖಂಡದ್ದು. ಸೌದೆಗಾದೀತೆಂದು 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆಯವರು ಬೀಜ ತರಿಸಿದರು. ಆಮೇಲೆ ಅದಕ್ಕಾಗಿ ಯಾರೂ ಪಾಲಿಥಿನ್ ಚೀಲ ತುಂಬಲಿಲ್ಲ, ಶಾಸಕರ ಕೈಯಲ್ಲಿ ನೀರು ಹಾಕಿಸಲಿಲ್ಲ. ಆಡು ಕಾಯಿ ತಿಂದಿತು, ಹಿಕ್ಕೆ ಹಾಕಿತು. ಕಂಪ್ಲಿಯಿಂದ ಸಂಡೂರಿನ ತನಕ ಕೆರೆಯಂಗಳ, ಕಾಲುವೆ ದಂಡೆ, ಸುಡುಗಾಡು ಒಂದನ್ನೂ ಬಿಡದೆ ಜಾಲಿ ಎದ್ದಿತು. ನಾವು ಅಕ್ಕರೆಯಿಂದ ಬೆಳೆಸಬೇಕೆಂದಿರುವ ಕಕ್ಕೆ, ಬಾಗೆ, ತಾರೆಗಳು ಮಾತ್ರ ನರ್ಸರಿಯ ಚೀಲದೊಳಗೆ ಮಲಗಿದವು ಏಳುವುದಿಲ್ಲ.

ಏಕೆಂದು ವಿಚಾರಿಸಿದರೆ ಸಿಗುವ ಉತ್ತರ ಒಂದೇ: "ಬೀಜ ಸರಿ ಇಲ್ರಿ."

ಬೀಜ ಸರಿಯಾಗಿಯೇ ಇದೆ. ಕಕ್ಕೆ ಬೀಜದ ಸಿಪ್ಪೆಯಲ್ಲಿ ಜೀವಕೋಶಗಳು ಎಷ್ಟು ಒತ್ತಾಗಿ ನಿಂತಿರುತ್ತವೆಂದರೆ ನೀರಿನ ಹನಿಗೆ ದಾರಿಯೇ ಇಲ್ಲ. ಬಯಲುಸೀಮೆಯಲ್ಲಿ ಒಂದು ಮಳೆ ಬಂದು ತಿಂಗಳುಗಟ್ಟಲೆ ಮುಗಿಲು ಬರಿದಾಗುವುದನ್ನು ಈ ಮರಗಳು ತಲೆತಲಾಂತರದಿಂದ ಕಂಡಿವೆ. ಮೊದಲ ಮಳೆಗೇ ಎಲ್ಲ ಬೀಜಗಳೂ ಮೊಳೆತರೆ ವಂಶವೇ ಒಣಗುತ್ತದೆ. ಆದ್ದರಿಂದ ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ ಏಳುತ್ತವೆ, ಉಳಿದವು ಇನ್ನೂ ಕಾಯುತ್ತವೆ. ಜೂನ್ 5ರಂದು ಪರಿಸರ ದಿನವಿದೆ, ಮಾನ್ಯರು ಬರುತ್ತಾರೆ ಎಂದು ಹೇಳಿದರೆ ನಂಬುವ ಜಾತಿಯಲ್ಲ ಅದು.

ಈ ಹಟ ಎಲ್ಲಿಯವರೆಗೆ ಹೋಗುತ್ತದೆಂಬುದಕ್ಕೆ ಲಂಡನ್ನಿನಲ್ಲಿ ಒಂದು ಸಾಕ್ಷಿಯಿದೆ. ನಮ್ಮ ಬಾಗೆ ಮರದ ದಾಯಾದಿಯೊಂದರ ಬೀಜಗಳನ್ನು 1793ರಲ್ಲಿ ಚೀನಾದಿಂದ ತಂದು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದರು. 1940ರಲ್ಲಿ ಜರ್ಮನ್ ಬಾಂಬು ಬಿದ್ದು ಬೆಂಕಿ ಹತ್ತಿತು. ಆರಿಸಲು ಸುರಿದ ನೀರಿಗೆ ಆ ಬೀಜಗಳು 147 ವರ್ಷಗಳ ನಂತರ ಮೊಳಕೆಯೊಡೆದವು. ಅಲ್ಲಿ ಹಿಟ್ಲರ್ ಬೇಕಾಯಿತು. ಇಲ್ಲಿ ಒಂದು ಹಂಡೆ ಬಿಸಿನೀರು ಸಾಕು.

ಆ ಹಂಡೆಯ ವಿದ್ಯೆ ನರ್ಸರಿಯ ಕೂಲಿ ಹೆಂಗಸರಿಗೆ ಎಂದೋ ಗೊತ್ತು. ಒಂದು ನರ್ಸರಿಯಲ್ಲಿ ಬೀಜವನ್ನು ಒಲೆಯ ಮೇಲೇ ಕುದಿಸಲು ಹೊರಟಿದ್ದ ಸಾಹೇಬರಿಗೆ ಒಬ್ಬಾಕೆ ಹೇಳಿದ್ದು ಇಷ್ಟು: "ಸಾಯೇಬ್ರ, ನೀರು ಕುದ್ದಮ್ಯಾಗ ಒಲಿಯಿಂದ ಇಳಿಸ್ರಿ. ಆಮ್ಯಾಗ ಬೀಜ ಹಾಕಿ ರಾತ್ರಿಯೆಲ್ಲಾ ಬಿಡ್ರಿ. ಒಲಿಮ್ಯಾಗೇ ಕುದಿಸಿದ್ರ ಸಸಿ ಬರಂಗಿಲ್ಲ, ಸಾರು ಬರ್ತೈತಿ." ಬೆಳಿಗ್ಗೆ ಉಬ್ಬಿದ ಬೀಜವನ್ನು ಆರಿಸಿ ಬಿತ್ತುವುದು, ಉಬ್ಬದ್ದನ್ನು ಮತ್ತೆ ಬಿಸಿನೀರಿಗೆ ಹಾಕುವುದು. ಇಲ್ಲವೇ ಒರಟು ಕಲ್ಲಿಗೆ ತಿಕ್ಕಿ ಸಿಪ್ಪೆಯ ಒಂದು ಬದಿ ಸವೆಸುವುದು. ಭತ್ತ ನೆನೆಹಾಕಿ, ಗೋಣಿಯಲ್ಲಿ ಕಟ್ಟಿ, ಮೊಳಕೆ ಬರಿಸಿ ಸಸಿಮಡಿಗೆ ಚೆಲ್ಲುವ ಕಂಪ್ಲಿಯ ಮಂದಿಗೆ ಮೊಳಕೆಯ ಬಗ್ಗೆ ಪಾಠ ಹೇಳಲು ಬೆಂಗಳೂರಿನಿಂದ ಪ್ರೊಜೆಕ್ಟರ್ ಬರಬೇಕಾಗಿಲ್ಲ.

ಆದರೆ ಬಿಸಿನೀರಿಗೆ ಒಂದು ದೊಡ್ಡ ದೋಷವಿದೆ: ಅದಕ್ಕೆ ಟೆಂಡರ್ ಕರೆಯಲು ಬರುವುದಿಲ್ಲ. ಗಂಧಕಾಮ್ಲವಾದರೆ ಬರುತ್ತದೆ. ಬೀಜವನ್ನು ಆಮ್ಲದಲ್ಲಿ ಅದ್ದಿ, ಲೆಕ್ಕದಷ್ಟು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದರೆ ಮೊಳಕೆ ಬರುವುದು ನಿಜ. ಪ್ರಯೋಗಾಲಯದವರು ಅದನ್ನೇ ಮಾಡುತ್ತಾರೆ. ಕೈಗವಸು ಕಾಣದ ಕೂಲಿಯವಳ ಕೈಗೆ ಆಮ್ಲ ಕೊಟ್ಟರೆ ಮೊದಲು ಸವೆಯುವುದು ಬೀಜದ ಸಿಪ್ಪೆಯಲ್ಲ. ಆದರೇನು, ಅದಕ್ಕೆ ಕ್ಯಾನುಂಟು, ಬಿಲ್ಲುಂಟು, ದಾಸ್ತಾನು ಪುಸ್ತಕವುಂಟು.

ಇನ್ನು ಸುತ್ತೋಲೆಯ ಮಾತು. ಮೇಲಿನವರಿಗೆ ಏಕರೂಪ ಎಂದರೆ ಪ್ರಾಣ. ಕಕ್ಕೆಗೆ ಬಿಸಿನೀರು ಹಿಡಿಸುತ್ತದೆ. ತೇಗ, ತಾರೆಯದು ಕಾಯೊಳಗಿನ ಗಟ್ಟಿ ಓಟೆ; ಅದನ್ನು ರಾತ್ರಿ ನೆನೆಸಿ ಹಗಲು ಬಿಸಿಲಿಗೆ ಒಣಗಿಸುತ್ತ ಹಲವು ದಿನ ಸತಾಯಿಸಬೇಕು. ಬೇವಿಗೆ ಯಾವ ಉಪಚಾರವೂ ಬೇಡ, ಹಣ್ಣು ಉದುರಿದ ಕೆಲವೇ ವಾರಗಳಲ್ಲಿ ಬಿತ್ತಿದರಾಯಿತು. ಬೇವು ಕಾಯುವುದಿಲ್ಲ, ಕಡತ ವಿಲೇವಾರಿಯಾಗುವ ಹೊತ್ತಿಗೆ ಸತ್ತಿರುತ್ತದೆ. ಕಕ್ಕೆ ಎಷ್ಟು ವರ್ಷವಾದರೂ ಕಾಯುತ್ತದೆ. ಹೀಗೆ ಇಲಾಖೆಯ ಸ್ವಭಾವಕ್ಕೆ ಹೊಂದುವ ಮರ ಕಕ್ಕೆಯೇ ಆದರೂ ಇಬ್ಬರಿಗೂ ಆಗಿಬರುತ್ತಿಲ್ಲ.

ಹೇಗೋ ಮೊಳೆತವೆನ್ನಿ. ಅನುದಾನ ಮಾರ್ಚಿಯಲ್ಲಿ ಬಂದರೆ ಬಿತ್ತನೆ ಏಪ್ರಿಲಿನಲ್ಲಿ. ಜುಲೈ ವನಮಹೋತ್ಸವಕ್ಕೆ ಸಸಿ ಗೇಣುದ್ದವೂ ಇರುವುದಿಲ್ಲ. ಫೋಟೋದಲ್ಲಿ ಕಾಣದ ಸಸಿಯನ್ನು ನೆಟ್ಟು ಏನು ಪ್ರಯೋಜನ? ಆಂಧ್ರದ ಕಡಿಯಂನಿಂದ ಲಾರಿಯಲ್ಲಿ ಎತ್ತರದ ಗಿಡ ಬರುತ್ತದೆ. ಇತ್ತ ನಮ್ಮ ಸಸಿಗಳು ಅದೇ ಪುಟ್ಟ ಚೀಲದಲ್ಲಿ ಎರಡನೇ ವರ್ಷ ಕಳೆಯುತ್ತವೆ. ತಾಯಿಬೇರು ಚೀಲದ ತಳದಲ್ಲಿ ಸುರುಳಿ ಸುತ್ತುತ್ತದೆ, ಇಲ್ಲವೇ ತೂತು ಹೊಕ್ಕು ನೆಲಕ್ಕಿಳಿಯುತ್ತದೆ. ಚೀಲ ಎತ್ತಿದಾಗ ಬೇರು ಅಲ್ಲೇ, ಗಿಡ ಇಲ್ಲಿ. ಆಗಾಗ ಚೀಲ ಸರಿಸಿ, ಕಳೆ ಕಿತ್ತು, ನೆಡುವ ಮುಂಚೆ ನೆರಳು ಮತ್ತು ನೀರು ಎರಡನ್ನೂ ಮೆಲ್ಲಗೆ ಕಡಿಮೆ ಮಾಡಿದರೆ ಗಿಡ ಬಿಸಿಲಿಗೆ ಗಟ್ಟಿಯಾಗುತ್ತದೆ. ಚೀಲ ಸರಿಸುವ ಕೆಲಸಕ್ಕೆ ಉದ್ಘಾಟನೆ ಇಟ್ಟುಕೊಳ್ಳುವಂತಿಲ್ಲವಲ್ಲ!

ಲೆಕ್ಕದಲ್ಲೂ ಒಂದು ಸೊಗಸಿದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ಸಸಿ ನೆಟ್ಟರೆ ಮೂರು ವರ್ಷಕ್ಕೆ ಗಿಡವೊಂದಕ್ಕೆ 125 ರೂಪಾಯಿ. ಅದೂ ಬದುಕಿದ ಗಿಡ ಎಣಿಸಿ. ಸರ್ಕಾರಿ ನೆಡುತೋಪಿನ ಸಾಧನೆ ಪತ್ರಿಕಾ ಪ್ರಕಟಣೆಯಲ್ಲಿ ಬರುವುದು ಮಾತ್ರ ನೆಟ್ಟ ಗಿಡ ಎಣಿಸಿ. ಸಂಡೂರಿನ ದೇವದಾರಿ ಗಣಿಗೆ ಸುಮಾರು 99 ಸಾವಿರ ಮರ ಕಡಿಯಬೇಕಾದೀತೆಂದು ಪತ್ರಿಕೆಗಳು ಬರೆದಾಗ ಬಂದ ಸಮಾಧಾನವೂ ಇದೇ: ಬದಲಿಗೆ ಗಿಡ ನೆಡುತ್ತಾರಂತೆ. ಕಡಿಯುವುದು ಮರ, ನೆಡುವುದು ಚೀಲ, ಎರಡೂ ಕಾಗದದಲ್ಲಿ ಸಮ.

ಹಾಗಾಗಿ ನನ್ನದೊಂದು ಸಲಹೆ. 1994ರಿಂದ ಇಲ್ಲೇ ದರೋಜಿಯಲ್ಲಿ ಕರಡಿಧಾಮವಿದೆ. ಕರಡಿ ಕಕ್ಕೆಕಾಯಿಯ ಸಿಹಿ ತಿರುಳು ತಿನ್ನುತ್ತದೆ, ಬೋರೆಹಣ್ಣು ತಿನ್ನುತ್ತದೆ. ಹೊಟ್ಟೆಯೊಳಗೆ ಸಿಪ್ಪೆ ಸವೆದ ಬೀಜ, ಜೊತೆಗೆ ಗೊಬ್ಬರ, ಎರಡನ್ನೂ ಗುಡ್ಡದ ಮೇಲಕ್ಕೆ ತಾನೇ ಸಾಗಿಸುತ್ತದೆ. ಸಾಗಾಣಿಕೆ ವೆಚ್ಚವಿಲ್ಲ. ಇದನ್ನು "ಬೀಜೋಪಚಾರ ಅಧಿಕಾರಿ, ಗ್ರೂಪ್ ಎ" ಹುದ್ದೆಗೆ ನೇಮಿಸಬೇಕು. ಆಡುಗಳನ್ನು ಹೊರಗುತ್ತಿಗೆಯಲ್ಲಿ ತೆಗೆದುಕೊಳ್ಳಬಹುದು. ಸಂಬಳದ ತಕರಾರೂ ಇಲ್ಲ: ಪ್ರವಾಸಿಗರಿಗೆ ಕಾಣಿಸಲೆಂದು ಬಂಡೆಗೆ ಬೆಲ್ಲದ ಪಾಕ ಬಳಿಯುವ ಪದ್ಧತಿ ಮೊದಲಿನಿಂದ ಇದ್ದೇ ಇದೆ.

ಅನುಭವ, ಕ್ಷೇತ್ರಕಾರ್ಯ, ಫಲಿತಾಂಶ ಎಲ್ಲದರಲ್ಲೂ ಅಭ್ಯರ್ಥಿ ಮುಂದು. ಆದರೂ ಅರ್ಜಿ ತಿರಸ್ಕೃತವಾಗುವುದು ಖಚಿತ. ಬೀಜ ಮೊಳೆಯುವ ಮುಂಚೆ ಬಿಲ್ಲಿಗೆ ಸಹಿ ಹಾಕುವುದು ಕರಡಿಗೆ ಗೊತ್ತಿಲ್ಲ.