ನಿಂತ ತೇರು

ತನ್ನ ಮನೆಯ ಜಗಲಿಯ ಮೇಲೆ ಕುಳಿತಿರುವಷ್ಟು ಹೊತ್ತು ಸೋಲೆಂಬುದನ್ನೇ ಅರಿಯದ ಮಹಾನುಭಾವನೊಬ್ಬನು ಪ್ರತಿಯೊಂದು ಊರಿನಲ್ಲಿಯೂ ಇರುತ್ತಾನೆ. ಹಿಂದೆ ಅವನು ಜಾತಕ ನೋಡುತ್ತಿದ್ದನು, ಬಳಿಕ ರೇಡಿಯೋ ರಿಪೇರಿ ಮಾಡುತ್ತಿದ್ದನು, ಈಗ ಚಾಮರಾಜನಗರದ ನಮ್ಮ ಬೀದಿಯಲ್ಲಿ ವೆಬ್‌ಸೈಟು ಕಟ್ಟುತ್ತಾನೆ. ಬೆಂಗಳೂರಿನ ನೌಕರಿಯನ್ನು ತೊರೆದು ಬಂದಿರುವ ಈ ಮಿತ್ರನ ಪಾಂಡಿತ್ಯದ ವಿಷಯದಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಅವನು ರಚಿಸಿದ ಯಾವುದೂ ಅವನ ಲ್ಯಾಪ್‌ಟಾಪಿನೊಳಗೆ ಇದುವರೆಗೆ ಕೆಟ್ಟದ್ದಿಲ್ಲ. ಅದರ ಹೊರಗೆ ಇದುವರೆಗೆ ನಡೆದದ್ದೂ ಇಲ್ಲ. ಯಾರಾದರೂ ಆಕ್ಷೇಪಿಸಿದರೆ, “ನನ್ನಲ್ಲಿ ಚೆಂದಾಗಿ ಓಡ್ತದ ಕನಣ್ಣ” ಎಂಬುದೊಂದೇ ಅವನ ಸಮಾಧಾನ.

ಗುಂಡ್ಲುಪೇಟೆಯ ಅರಿಶಿನದ ವರ್ತಕರೊಬ್ಬರು ತಮ್ಮ ಲೆಕ್ಕಪತ್ರಕ್ಕೆಂದು ವೆಬ್ ಅಪ್ಲಿಕೇಷನ್ ಒಂದನ್ನು ಬಯಸಿದಾಗ, ಅವನು ಹತ್ತೇ ದಿನದಲ್ಲಿ ಅದನ್ನು ಜಾಂಗೋ ಎಂಬ ಸಿದ್ಧ ಚೌಕಟ್ಟಿನಲ್ಲಿ ರಚಿಸಿ, 127.0.0.1:8000 ಎಂಬ ವಿಳಾಸವನ್ನು ಗಂಭೀರವಾಗಿ ಕಳುಹಿಸಿಕೊಟ್ಟನು. ಅದಾದರೋ ಪ್ರತಿಯೊಂದು ಯಂತ್ರವೂ ತನ್ನನ್ನು ತಾನೇ ಕರೆದುಕೊಳ್ಳುವ ಹೆಸರು; ‘ನಮ್ಮನೆ’ ಎಂಬ ಮಾತಿನಂತೆ, ಆಡಿದವರ ಮನೆಯನ್ನು ಮಾತ್ರ ತೋರಿಸುವಂಥದು. ಆದಕಾರಣ ವರ್ತಕರ ಫೋನು ಅಪ್ಲಿಕೇಷನ್ನನ್ನು ತನ್ನ ಹೊಟ್ಟೆಯೊಳಗೇ ಹುಡುಕಿ ಹುಡುಕಿ ಕೈಚೆಲ್ಲಿತು.

ಆಗ ಮಿತ್ರನು ಮುಂಬೈಯಲ್ಲಿ ಸರ್ವರೊಂದನ್ನು ಬಾಡಿಗೆಗೆ ಹಿಡಿದು, ಮನೆಯ ಸಂಸಾರವನ್ನೆಲ್ಲ ಇದ್ದದ್ದು ಇದ್ದಂತೆಯೇ ಅಲ್ಲಿಗೆ ಸಾಗಿಸಿದನು. ಅಲ್ಲಿಯೂ ಅದನ್ನು ತನ್ನ ಲ್ಯಾಪ್‌ಟಾಪಿನ ಸಂಪರ್ಕಕ್ಕೇ ಕಟ್ಟಿ ಓಡಿಸುತ್ತಿದ್ದುದರಿಂದ, ಅವನು ಲ್ಯಾಪ್‌ಟಾಪು ಮುಚ್ಚಿ ಮಲಗಿದೊಡನೆ ಅಲ್ಲಿ ಅಪ್ಲಿಕೇಷನ್ನೂ ಮಲಗುತ್ತಿತ್ತು. ‘ಡೀಬಗ್’ ಎಂಬ ಗುಂಡಿಯನ್ನು ಆರಿಸಲು ಮರೆತಿದ್ದರಿಂದ, ಮೊದಲನೆಯ ತಪ್ಪು ಸಂಭವಿಸಿದೊಡನೆ ತೆಳುಹಳದಿಯ ಪುಟವೊಂದು ತೆರೆದು, ಒಳಗಿನ ಕೋಡಿನ ಸಾಲುಗಳನ್ನೂ ಕಡತಗಳ ದಾರಿಗಳನ್ನೂ ಬೀದಿಗೆ ಹರವಿತು. ವರ್ತಕರು ಅದನ್ನು ತಮ್ಮ ಸರಕಿನ ಬಣ್ಣಕ್ಕೆ ಒಪ್ಪುವ ಅಲಂಕಾರವೆಂದೇ ತಿಳಿದು ಸಂತೋಷಪಟ್ಟರು. ಡೀಬಗ್ ಆರಿಸಿದಾಗ ಜಾಂಗೋ ಬೇರೊಂದೇ ವ್ರತವನ್ನು ಹಿಡಿಯಿತು. 2009ರಿಂದ ಬಂಡೀಪುರದ ಕಾಡಿನ ಗೇಟಿನಲ್ಲಿ ರಾತ್ರಿ 9 ಕಳೆದು ಬಂದ ಲಾರಿಯವನು ಎಷ್ಟು ಅಂಗಲಾಚಿದರೂ ಬೆಳಗಿನ 6ರವರೆಗೆ ಕಾಯಬೇಕಾಗಿರುವಂತೆ, ಒಪ್ಪಿತ ವಿಳಾಸಗಳ ಪಟ್ಟಿಯಲ್ಲಿ ತಾಣದ ಹೆಸರನ್ನು ಬರೆಯುವವರೆಗೂ ಅದು ಯಾರನ್ನೂ ಒಳಗೆ ಬಿಡಲಿಲ್ಲ. ಬರೆದ ಮೇಲೆ ಪುಟವೇನೋ ಬಂದಿತು. ಆದರೆ ಬಣ್ಣ, ಚಿತ್ರಗಳನ್ನು ಬಡಿಸುವ ಕೆಲಸವನ್ನು ಈಗ ಬೇರೆಯವರಿಗೆ ವಹಿಸಬೇಕಾದುದರಿಂದ, ಉತ್ಸವ ಮುಗಿದು ಒಡವೆ ವಸ್ತ್ರಗಳನ್ನು ಕಳಚಿಟ್ಟ ಮೂರ್ತಿಯಂತೆ ಬಂದಿತು.

ಇವೆಲ್ಲಕ್ಕೂ ಪರಿಹಾರವನ್ನು ಮಿತ್ರನು ಬಲ್ಲನೆಂಬುದೇ ವಿಸ್ಮಯ. 443ನೆಯ ಪೋರ್ಟೆಂಬ ಬಾಗಿಲಿನಲ್ಲಿ ಬಂದವರನ್ನು ಎದುರುಗೊಂಡು ಬಣ್ಣ, ಚಿತ್ರಗಳನ್ನು ಬಡಿಸಲು ಎಂಜಿನ್‌ಎಕ್ಸ್, ಅದರ ಹಿಂದೆ ಅಪ್ಲಿಕೇಷನ್ನನ್ನು ನಡೆಸಲು ಗುನಿಕಾರ್ನ್, ಬಿದ್ದರೆ ಎತ್ತಿ ನಿಲ್ಲಿಸಲು ಸಿಸ್ಟಮ್‌ಡಿ. ಪಾಸ್‌ವರ್ಡುಗಳು ಕೋಡಿನಲ್ಲಿರದೆ ಹೊರಗಿನ ‘ಎನ್ವ್’ ಕಡತದಲ್ಲಿ, ಮನೆಗೊಂದು, ಬಜಾರಿಗೊಂದು. ಲೆಟ್ಸ್ ಎನ್‌ಕ್ರಿಪ್ಟಿನ ಸುರಕ್ಷತಾ ಪ್ರಮಾಣಪತ್ರ 90 ದಿನಕ್ಕೆ ತೀರುವುದರಿಂದ ಅದಕ್ಕೆ ಮೊದಲೇ ನವೀಕರಣ: ಇದನ್ನೆಲ್ಲ ಅವನು ಕಾಫಿ ಆರುವಷ್ಟರಲ್ಲಿ ಬೋಧಿಸಬಲ್ಲನು, ಮಾಡುವುದಕ್ಕೆ ಮಾತ್ರ ಮುಹೂರ್ತ ಕೂಡಿಬರುವುದಿಲ್ಲ.

ಕೊನೆಗೊಮ್ಮೆ, ಆಷಾಢವೆಂದು ವರ್ತಕರು ಹಿಂಜರಿದರೂ, ಲೋಕವೆಲ್ಲ ಶುಭಕಾರ್ಯವನ್ನು ಮುಂದೂಡುವ ಆ ಮಾಸದಲ್ಲಿಯೇ ನಮ್ಮೂರ ಚಾಮರಾಜೇಶ್ವರನು ತೇರನ್ನೇರುತ್ತಾನಷ್ಟೆ ಎಂದು ವಾದಿಸಿ, ಮಿತ್ರನು ತೇರಿನ ದಿನವೇ ಅಪ್ಲಿಕೇಷನ್ನಿನ ಪುನರುದ್ಘಾಟನೆಯನ್ನು ಗೊತ್ತುಮಾಡಿದನು. ಮೂರನೆಯ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಆ ದೇವಾಲಯದ ಮುಂದೆ ನವದಂಪತಿಗಳು ಹಣ್ಣು ಜವನಗಳನ್ನು ಎಸೆಯುತ್ತಿರಲು, ನಾವಿಬ್ಬರೂ ನಿಂತು ನೋಡುತ್ತಿದ್ದೆವು. ತಿರುವಿನಲ್ಲಿ ತೇರು ನಿಂತಿತು. ಫೋನಿನಲ್ಲಿ ವರ್ತಕರ ಕರೆ ಮೂರನೆಯ ಸಲ ಬಡಿದುಕೊಳ್ಳುತ್ತಿದ್ದುದನ್ನು ಅದುಮಿ ಹಿಡಿದುಕೊಂಡೇ ಮಿತ್ರನು, “ಬೆಳಿಗ್ಗೆ ನೋಡ್ದಾಗ ಚೆಂದಾಗೇ ಇತ್ತಲ್ಲ?” ಎಂದನು.

ಗಾಲಿಯ ಬಳಿ ಮರದ ಬೆಣೆಯನ್ನು ಹಿಡಿದು ಬಗ್ಗಿದ್ದ ಮುದುಕನು ತಲೆಯೆತ್ತದೆಯೇ ನುಡಿದನು: “ನಿಂತಿದ್ದಾಗ ಎಲ್ಲಾ ತೇರೂ ಚೆಂದಾಗೇ ಇರ್ತವ ಕನ ಮಗ.”

ಮಿತ್ರನು ನನ್ನ ಮುಖವನ್ನು ನೋಡಲಿಲ್ಲ.